ಪೌಡರ್ ಡಬ್ಬಿಯ ಮುಚ್ಚಳದಲ್ಲೊಂದು ಕನ್ನಡಿ

ಕಳೆದ ವರ್ಷ ಶ್ರಾವಣದ ಒಂದು ಶುಕ್ರವಾರ ಮನೆಯಲ್ಲಿ ಅರಿಶಿನ-ಕುಂಕುಮಕ್ಕೆ ಕರೆದಿದ್ದೆ. ನಮ್ಮ ವೇದಿಕೆಯ ಗೆಳತಿಯರು ಏಳೆಂಟು ಮಂದಿ ಬಂದಿದ್ದರು. ಅವರಲ್ಲೊಬ್ಬರು ಹಾಲ್‌ನ ಶೋಕೇಸ್ ಮುಂದೆ ನಿಂತು, "ಇದೇನ್ರೀ, ಇಷ್ಟೊಂದು ಕುಂಕುಮದ ಡಬ್ಬಿ ಇಟ್ಕೊಂಡಿದ್ದೀರಿ! ಅಂಗಡಿ ಇಡೋ ವಿಚಾರ ಇದೆಯಾ?" ಎಂದು ನಕ್ಕರು. ನಾನೂ ನಕ್ಕೆ. ಅವು ಕುಂಕುಮದ ಡಬ್ಬಿಗಳಲ್ಲ, ಹಳೆಯ ಕಾಲದ ಪೌಡರ್ ಕಾಂಪ್ಯಾಕ್ಟ್‌ಗಳು ಎಂದು ಹೇಳಿದೆ. ನಿಜವಾದ ಕುಂಕುಮ ಭರಣಿ ಅಲ್ಲಿ ಒಂದೇ ಒಂದು ಇದೆ. ಅದರ ಪಕ್ಕದಲ್ಲಿರುವ ನೀಲಿ ಮುಚ್ಚಳದ ಡಬ್ಬಿಯಿಂದಲೇ ಈ ಹುಚ್ಚು ಶುರುವಾದದ್ದು. ಅಂದು ತಾಂಬೂಲ ಕೊಡುವ ಗಡಿಬಿಡಿಯಲ್ಲಿ ಪೂರ್ತಿ ಕಥೆ ಹೇಳಲಾಗಲಿಲ್ಲ. ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಅದನ್ನೇ ಬರೆಯೋಣ ಅನ್ನಿಸಿತು.

ಮೊದಲು ಕಾಂಪ್ಯಾಕ್ಟ್ ಎಂದರೇನು ಎಂದು ಹೇಳಿಬಿಡುತ್ತೇನೆ. ಅಂಗೈಯಲ್ಲಿ ಹಿಡಿಯುವಷ್ಟು ಚಪ್ಪಟೆಯಾದ ಡಬ್ಬಿ. ಮುಚ್ಚಳ ತೆರೆದರೆ ಒಳಗಡೆ ಕನ್ನಡಿ. ಕೆಳಗಿನ ಬಟ್ಟಲಲ್ಲಿ ಮುಖಕ್ಕೆ ಹಚ್ಚುವ ಪೌಡರ್, ಅದರ ಮೇಲೆ ಸಣ್ಣ ಜರಡಿ, ಜರಡಿಯ ಮೇಲೆ ಪಫ್. ಇಂದು ನಾವು ಬ್ಯಾಗಿನಲ್ಲಿಟ್ಟುಕೊಳ್ಳುವ ಪ್ಲಾಸ್ಟಿಕ್ ಕಾಂಪ್ಯಾಕ್ಟ್ ಇದರ ಮೊಮ್ಮಗಳು. ಅಜ್ಜಿಯ ಕಾಲದ್ದು ಮಾತ್ರ ಹಿತ್ತಾಳೆ ಅಥವಾ ಬೆಳ್ಳಿಯದು. ಮುಚ್ಚಳವನ್ನು ಎನಾಮೆಲ್ ಬಣ್ಣದಲ್ಲೋ ಕೆತ್ತನೆಯಲ್ಲೋ ಅಲಂಕರಿಸುತ್ತಿದ್ದರು. ಒಳಗಿನ ಪೌಡರ್ ಮುಗಿದರೂ ಡಬ್ಬಿಯನ್ನು ಯಾರೂ ಎಸೆಯುತ್ತಿರಲಿಲ್ಲ.

ಎರಡು ಡಬ್ಬಿಗಳು

ನಮ್ಮದು ಮೂಲ ಗುಲ್ಬರ್ಗ. ನನ್ನ ಅಜ್ಜಿಯ ಅಕ್ಕನನ್ನು ಮನೆಯಲ್ಲಿ ಎಲ್ಲರೂ ದೊಡ್ಡಾಯಿ ಎನ್ನುತ್ತಿದ್ದರು. ಮದುವೆಯಾದ ಎರಡೇ ವರ್ಷಕ್ಕೆ, 1949ರಲ್ಲಿ, ಆಕೆಯ ಗಂಡ ತೀರಿಕೊಂಡರು. ಆಗ ಅವಳಿಗೆ 18 ವರ್ಷ. ಬಳೆ ಹೋಯಿತು, ಕುಂಕುಮ ಹೋಯಿತು. ಮದುವೆಯಲ್ಲಿ ತವರಿನಿಂದ ಕೊಟ್ಟಿದ್ದ ಬೆಳ್ಳಿಯ ಕುಂಕುಮ ಭರಣಿಯೂ ಹೋಯಿತು. ಮುಂದೆ ತಂಗಿಯ, ಅಂದರೆ ನನ್ನ ಅಜ್ಜಿಯ, ಮದುವೆಯಲ್ಲಿ ಅದೇ ಭರಣಿಯನ್ನು ತೊಳೆದು ಹೊಳಪು ಕೊಟ್ಟು ಅವಳಿಗೆ ಕೊಟ್ಟರು. ಯಾರೂ ಅದನ್ನು ಕ್ರೌರ್ಯ ಎಂದುಕೊಳ್ಳಲಿಲ್ಲ. ಬಳಕೆಯಿಲ್ಲದ ಬೆಳ್ಳಿ ಸುಮ್ಮನೆ ಯಾಕೆ ಇರಬೇಕು ಎಂಬುದಷ್ಟೇ ಅವರ ಲೆಕ್ಕ.

ಮುತ್ತಜ್ಜ ಒಂದು ಒಳ್ಳೆಯ ಕೆಲಸ ಮಾಡಿದರು. ಮಗಳನ್ನು ಓದಿಸಿದರು. ಆಗ ಗುಲ್ಬರ್ಗ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಓದಿಗಾಗಲಿ ನೌಕರಿಗಾಗಲಿ ಹೈದರಾಬಾದಿಗೆ ಬರುವುದು ಪರ ಊರಿಗೆ ಹೋದಂತೆ ಆಗುತ್ತಿರಲಿಲ್ಲ. ದೊಡ್ಡಾಯಿ ಇಲ್ಲಿ ಹುಡುಗಿಯರ ಶಾಲೆಯೊಂದರಲ್ಲಿ ಟೀಚರ್ ಆದಳು. 1956ರ ನವೆಂಬರ್ 1ರಂದು ಗುಲ್ಬರ್ಗ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಅವಳು ಮಾತ್ರ ಇಲ್ಲೇ ಉಳಿದಳು. ಅದಕ್ಕೆ ಒಂದು ವರ್ಷ ಮೊದಲು, 1955ರ ದಸರೆಯ ಹೊತ್ತಿಗೆ, ಅಬಿಡ್ಸ್‌ನ ಅಂಗಡಿಯೊಂದರಲ್ಲಿ ಆ ನೀಲಿ ಡಬ್ಬಿ ಕೊಂಡಳಂತೆ.

ನಾನು ಅದನ್ನು ಮೊದಲು ನೋಡಿದ್ದು ಎಂಜಿನಿಯರಿಂಗ್ ಓದುವಾಗ, ರಜೆಯಲ್ಲಿ ಅವಳ ಟ್ರಂಕು ಜೋಡಿಸಿಕೊಡುತ್ತಿದ್ದಾಗ. ಚಿನ್ನದ ಬಣ್ಣದ ದುಂಡನೆಯ ಡಬ್ಬಿ, ನೀಲಿ ಎನಾಮೆಲ್ ಮೇಲೆ ಬಿಳಿಯ ಹೂಗಳು. ಒಳಮುಚ್ಚಳದ ಮೇಲೆ ಸಣ್ಣ ಅಕ್ಷರಗಳಲ್ಲಿ "ಸ್ಟ್ರಾಟನ್, ಮೇಡ್ ಇನ್ ಇಂಗ್ಲೆಂಡ್" ಎಂದು ಕೊರೆದಿತ್ತು. "ಇದನ್ನ ಯಾರು ಕೊಟ್ರು ದೊಡ್ಡಾಯಿ?" ಎಂದು ಕೇಳಿದೆ. "ಯಾರೂ ಕೊಟ್ಟಿಲ್ಲವ್ವಾ. ನನ್ನ ಪಗಾರದಾಗ ನಾನೇ ತೊಗೊಂಡದ್ದು. ಹಂಗಾಗಿ ಯಾರಿಗೂ ಕಸಗೊಳ್ಳಿಕ್ಕೆ ಬರೂದಿಲ್ಲ" ಎಂದಳು. ಅಂದು ನನಗೆ ಆ ಮಾತು ಪೂರ್ತಿ ತಿಳಿಯಲಿಲ್ಲ. ಭರಣಿಯ ಕಥೆಯನ್ನು ಅಮ್ಮ ಹೇಳಿದ್ದು ಅವಳು ತೀರಿಕೊಂಡ ಮೇಲೆ.

ಆ ಎರಡು ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಇಂಥ ಪುಟ್ಟ ಕನ್ನಡಿಗಳ ಚರಿತ್ರೆಯನ್ನು ತಿಳಿಯಬೇಕು ಅನ್ನಿಸಿತು. ಕನ್ನಡಿ ಯಾರ ಕೈಯಲ್ಲಿತ್ತು, ಅದಕ್ಕೆ ದುಡ್ಡು ಕೊಟ್ಟವರು ಯಾರು ಎಂಬ ಎರಡು ಪ್ರಶ್ನೆಗಳನ್ನೇ ಹಿಡಿದು ಓದುತ್ತಾ ಹೋದೆ.

ಕಾಂಪ್ಯಾಕ್ಟ್‌ಗಿಂತ ಮೊದಲು

ಹೆಂಗಸಿನ ಕೈಗೆ ಕನ್ನಡಿ ಬಂದದ್ದು ನಿನ್ನೆ ಮೊನ್ನೆಯಲ್ಲ. ಹರಪ್ಪದ ಜನರು ತಾಮ್ರದ ಕನ್ನಡಿ ಬಳಸುತ್ತಿದ್ದರು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣ ಸುಂದರಿಯನ್ನು ನಾವೆಲ್ಲ ಶಾಲೆಯ ಟೂರಿನಲ್ಲಿ ತಲೆ ಎತ್ತಿ ನೋಡಿದವರೇ. ಅದೇ ಶತಮಾನದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆಸಿದ. ಸ್ನಾನ, ಮೈಗೆ ಪೂಸುವ ಗಂಧ, ತಾಂಬೂಲ ಮುಂತಾದ ಒಂದೊಂದು ಭೋಗಕ್ಕೂ ಅದರಲ್ಲಿ ಬೇರೆ ಬೇರೆ ಭಾಗಗಳಿವೆ. ಆದರೆ ಅದು ಅರಮನೆಯ ಮಾತು, ಅದರಲ್ಲೂ ರಾಜನ ಭೋಗದ ಮಾತು.

ಸಾಮಾನ್ಯರ ಮನೆಯಲ್ಲಿ ಇದ್ದದ್ದು ಮರದ ಪುಟ್ಟ ಪೆಟ್ಟಿಗೆ. ಮುಚ್ಚಳದ ಒಳಗೆ ಕನ್ನಡಿ, ಒಳಗಿನ ಖಾನೆಗಳಲ್ಲಿ ಬಾಚಣಿಗೆ, ಕಾಡಿಗೆ, ಮೇಣ, ಕುಂಕುಮ. ಹಣೆಗೆ ಮೊದಲು ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಟ್ಟರೆ ದಿನವಿಡೀ ಉದುರುತ್ತಿರಲಿಲ್ಲ. ಕನ್ನಡಿ, ಬಣ್ಣ, ಅಂಟು, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಹಾಗೆ ನೋಡಿದರೆ ಕಾಂಪ್ಯಾಕ್ಟ್‌ನ ಉಪಾಯ ನಮ್ಮ ಅಜ್ಜಿಯರಿಗೆ ಮೊದಲೇ ಗೊತ್ತಿತ್ತು. ಆದರೆ ಆ ಪೆಟ್ಟಿಗೆ ಮುತ್ತೈದೆತನದ ಜೊತೆ ಬಂದು ಅದರ ಜೊತೆಯೇ ಹೋಗುತ್ತಿತ್ತು.

ಡಬ್ಬಿಗೂ ಹೆಂಗಸಿನ ಸ್ವಂತ ದುಡ್ಡಿಗೂ ನಂಟು ಹಾಕುವ ಇನ್ನೊಂದು ಪದ್ಧತಿ ನವಾಬಿ ಮನೆತನಗಳಲ್ಲಿತ್ತು. ಮದುವೆಯ ಕರಾರಿನಲ್ಲೇ ಹೆಂಡತಿಯ ಕೈಖರ್ಚಿಗೆಂದು ಇಷ್ಟು ಮೊತ್ತ ಎಂದು ಬರೆಯುತ್ತಿದ್ದರು. ಅದಕ್ಕೆ 'ಖರ್ಚ್-ಎ-ಪಾನ್‌ದಾನ್' ಎಂದು ಹೆಸರು, ಅಂದರೆ ಎಲೆಯಡಿಕೆ ಡಬ್ಬಿಯ ಖರ್ಚು. 1877ರ ಇಂಥ ಒಂದು ಕರಾರಿನಲ್ಲಿ ಮಾವ ಸೊಸೆಗೆ ತಿಂಗಳಿಗೆ 500 ರೂಪಾಯಿ ಕೊಡುವುದಾಗಿ ಒಪ್ಪಿದ್ದರು. ಮುಂದೆ ಅದು ವ್ಯಾಜ್ಯವಾಯಿತು. ಕರಾರಿಗೆ ಸಹಿ ಹಾಕಿದವರು ತಂದೆ ಮತ್ತು ಮಾವನೇ ಹೊರತು ಆ ಹುಡುಗಿಯಲ್ಲ. ಆದರೂ ಹಣ ಕೇಳುವ ಹಕ್ಕು ಅವಳಿಗಿದೆ ಎಂದು 1910ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಕಾನೂನು ಓದುವವರು ಈಗಲೂ ಖ್ವಾಜಾ ಮುಹಮ್ಮದ್ ಖಾನ್ ವಿರುದ್ಧ ಹುಸೇನಿ ಬೇಗಂ ಎಂದು ಈ ಮೊಕದ್ದಮೆಯನ್ನು ಓದುತ್ತಾರೆ. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಬಿದರಿ ಸಾಮಾನುಗಳ ಮುಂದೆ ನಿಂತಾಗಲೆಲ್ಲ ನನಗೆ ಈ ಮೊಕದ್ದಮೆ ನೆನಪಾಗುತ್ತದೆ.

ಮುಚ್ಚಿಟ್ಟದ್ದು ಹೊರಗೆ ಬಂದ ಕಾಲ

ಇನ್ನು ಯುರೋಪಿಗೆ ಬರೋಣ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮರ್ಯಾದಸ್ಥ ಮನೆಯ ಹೆಂಗಸು ಮುಖಕ್ಕೆ ಬಣ್ಣ ಹಚ್ಚುವುದು ನಾಚಿಕೆಗೇಡು ಎನ್ನುತ್ತಿದ್ದರು. ಬಣ್ಣವೇನಿದ್ದರೂ ನಾಟಕದವರಿಗೆ. ಹಚ್ಚುವವರು ಗುಟ್ಟಾಗಿ ಹಚ್ಚುತ್ತಿದ್ದರು. ಪುಟ್ಟ ಪುಸ್ತಕದಂತಿದ್ದ ಪೌಡರ್ ಹಾಳೆಗಳು ಸಿಗುತ್ತಿದ್ದವು. ಒಂದು ಹಾಳೆ ಹರಿದು ಮುಖ ಒರೆಸಿಕೊಂಡರೆ ಜಿಡ್ಡು ಹೋಗಿ ತುಸು ಪೌಡರ್ ಕೂರುತ್ತಿತ್ತು, ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಫ್ರಾನ್ಸಿನ ಬೂರ್ಜ್ವಾ ಕಂಪನಿ 1879ರಲ್ಲಿ ಜಾವಾ ಹೆಸರಿನ ಅಕ್ಕಿ ಪೌಡರನ್ನು ಮಾರುಕಟ್ಟೆಗೆ ತಂದಿತು. ಹೌದು, ಅಕ್ಕಿಯೇ. ನುಣ್ಣಗೆ ಮಾಡಿದ ಅಕ್ಕಿಯ ಪಿಷ್ಟ ಮುಖಕ್ಕೆ ಮೃದುವಾಗಿ ಕೂರುತ್ತದೆ. ಬೆವರಿದರೆ ಮಾತ್ರ ಉಬ್ಬಿ ಅಂಟಂಟಾಗುತ್ತದೆ. ಮುಂದಿನ ದಶಕಗಳಲ್ಲಿ ನುಣುಪಿಗೆ ಟಾಲ್ಕ್, ಕಲೆ ಮುಚ್ಚಲು ಜಿಂಕ್ ಆಕ್ಸೈಡ್, ಚರ್ಮಕ್ಕೆ ಹಿಡಿದುಕೊಳ್ಳಲು ಜಿಂಕ್ ಸ್ಟಿಯರೇಟ್, ಹೀಗೆ ಬೆರೆಸಿ ಮಾಡುವ ಪೌಡರ್ ಬಂತು.

ಮೊದಲ ಮಹಾಯುದ್ಧದಲ್ಲಿ ಹೆಂಗಸರು ಕಾರ್ಖಾನೆಗೆ, ಆಫೀಸಿಗೆ, ಆಸ್ಪತ್ರೆಗೆ ದುಡಿಯಲು ಹೋದರು. ಕೈಯಲ್ಲಿ ಸಂಬಳ ಬಂತು, ಹೆಗಲಿಗೆ ಬ್ಯಾಗ್ ಬಂತು, ಬ್ಯಾಗಿಗೆ ಕಾಂಪ್ಯಾಕ್ಟ್ ಬಂತು. 1920ರ ದಶಕದ ಹುಡುಗಿಯರು ಹೋಟೆಲಿನ ಟೇಬಲ್ ಮುಂದೆ ಕುಳಿತು ಎಲ್ಲರ ಎದುರೇ ಕನ್ನಡಿ ತೆರೆದು ಮೂಗಿಗೆ ಪೌಡರ್ ಹಚ್ಚಿಕೊಳ್ಳತೊಡಗಿದರು. ಹಿರಿಯರು ಬೈದರು, ಪತ್ರಿಕೆಗಳು ಗೇಲಿ ಮಾಡಿದವು. ಆದರೆ ಹಾಗೆ ತೆರೆದ ಡಬ್ಬಿ ಮತ್ತೆ ಕದ್ದು ಹಚ್ಚುವ ಕಾಲಕ್ಕೆ ಮರಳಲಿಲ್ಲ. ಎಲ್ಲರ ಕಣ್ಣಿಗೆ ಬೀಳುವ ವಸ್ತುವಾದ ಮೇಲೆ ಅದು ಚೆಂದವಾಗಿಯೂ ಇರಬೇಕಲ್ಲ. ಆಭರಣ ಮಾಡುವವರು ಈ ಕೆಲಸಕ್ಕಿಳಿದರು. ಪ್ಯಾರಿಸ್ಸಿನ ಕೋಟಿ ಕಂಪನಿ 1930ರ ದಶಕದಲ್ಲಿ 'ಏರ್‌ಸ್ಪನ್' ಪೌಡರ್ ತಂದಿತು. ಅದರ ರಟ್ಟಿನ ಪೆಟ್ಟಿಗೆಯ ಮೇಲಿನ ಪಫ್‌ಗಳ ಚಿತ್ತಾರವನ್ನು ಇವತ್ತಿಗೂ ಸಂಗ್ರಾಹಕರು ದೂರದಿಂದಲೇ ಗುರುತಿಸುತ್ತಾರೆ. ಲಂಡನ್ನಿನ ಕಿಗು, ಬರ್ಮಿಂಗ್‌ಹ್ಯಾಮಿನ ಸ್ಟ್ರಾಟನ್, ಅಮೆರಿಕದ ಎಲ್ಜಿನ್ ಅಮೆರಿಕನ್ ಮುಂತಾದವು ಪೌಡರ್ ಮಾಡುವ ಕಂಪನಿಗಳಲ್ಲ, ಡಬ್ಬಿ ಮಾಡುವ ಕಂಪನಿಗಳು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಹಿತ್ತಾಳೆ ಗುಂಡುಗಳ ತಯಾರಿಗೆ ಬೇಕಾಯಿತು. ಡಬ್ಬಿಗಳು ಪ್ಲಾಸ್ಟಿಕ್, ಮರ, ರಟ್ಟಿಗೆ ಇಳಿದವು. ಅದೇ ಹೊತ್ತಿಗೆ ಸೈನಿಕರು ತಮ್ಮ ರೆಜಿಮೆಂಟಿನ ಲಾಂಛನವಿರುವ ಕಾಂಪ್ಯಾಕ್ಟ್ ಕೊಂಡು ಪ್ರೇಯಸಿಗೋ ಹೆಂಡತಿಗೋ ಕಳಿಸುವುದೂ ರೂಢಿಯಾಯಿತು. ಯುದ್ಧ ಮುಗಿದ ಮೇಲೆ 1948ರಲ್ಲಿ ಸ್ಟ್ರಾಟನ್ ಒಂದು ಜಾಣ ಉಪಾಯ ತಂದಿತು. ಹೊರಮುಚ್ಚಳ ಎತ್ತಿದರೆ ಒಳಮುಚ್ಚಳ ತಾನಾಗಿಯೇ ತೆರೆದುಕೊಳ್ಳುತ್ತದೆ. ಅದಕ್ಕೆ ಮೊದಲು ಒಳಮುಚ್ಚಳವನ್ನು ಉಗುರಿನಿಂದ ಎತ್ತಬೇಕಿತ್ತು, ಉಗುರುಬಣ್ಣ ಕೀಳುತ್ತಿತ್ತು. ದೊಡ್ಡಾಯಿಯ ಡಬ್ಬಿಯದ್ದು ಇದೇ ಬಗೆ. 70 ವರ್ಷ ಕಳೆದರೂ ಅದರ ಸ್ಪ್ರಿಂಗ್ ಇಂದಿಗೂ ಟಕ್ಕೆಂದು ಕೆಲಸ ಮಾಡುತ್ತದೆ. ಅವಳು ಬದುಕಿನಲ್ಲಿ ಒಮ್ಮೆಯೂ ಉಗುರುಬಣ್ಣ ಹಚ್ಚಿದವಳಲ್ಲ ಎಂಬುದು ಬೇರೆ ಮಾತು.

ನಮ್ಮ ಸ್ನೋ, ನಮ್ಮ ಗಂಧ, ನಮ್ಮ ಲಕ್ಷ್ಮಿ

"ಸ್ನೋ-ಪೌಡರ್ ಮೆತ್ತಿಕೊಂಡು ಹೊರಟಳು" ಎಂದು ಹಳೆಯ ತಲೆಮಾರಿನವರು ಬೈಯುವುದನ್ನು ನೀವೂ ಕೇಳಿರಬಹುದು. ಈ ಜೋಡಿಪದದ ಹಿಂದೆ ಸ್ವಲ್ಪ ರಸಾಯನಶಾಸ್ತ್ರವಿದೆ. ಸ್ಟಿಯರಿಕ್ ಆಮ್ಲಕ್ಕೆ ಸ್ವಲ್ಪ ಕ್ಷಾರ, ನೀರು ಸೇರಿಸಿದರೆ ಹಿಮದಂಥ ಬಿಳಿಯ ಕ್ರೀಮ್ ಆಗುತ್ತದೆ. ಮುಖಕ್ಕೆ ಹಚ್ಚಿದರೆ ಜಿಡ್ಡಿಲ್ಲದೆ ಮಾಯವಾಗಿ, ತೆಳುವಾದ ಪದರ ಮಾತ್ರ ಉಳಿಯುತ್ತದೆ. ಆ ಪದರಕ್ಕೆ ಪೌಡರ್ ಚೆನ್ನಾಗಿ ಹಿಡಿಯುತ್ತದೆ. ಅಂದರೆ ಮೊದಲು ಸ್ನೋ, ಆಮೇಲೆ ಪೌಡರ್. ಮೇಣ ಮತ್ತು ಕುಂಕುಮದ ಲೆಕ್ಕವೇ.

ನಮ್ಮ ದೇಶದ ಹೆಸರಾಂತ ಸ್ನೋ ಎಂದರೆ ಅಫ್ಘಾನ್ ಸ್ನೋ. ರಾಜಸ್ಥಾನ ಮೂಲದ ಇ. ಎಸ್. ಪಾಟಣ್‌ವಾಲಾ ಮುಂಬೈಯಲ್ಲಿ 1919ರಲ್ಲಿ ಆರಂಭಿಸಿದ್ದು. ಅಫ್ಘಾನಿಸ್ತಾನದ ದೊರೆ ಅಮಾನುಲ್ಲಾ ಈ ಕ್ರೀಮ್ ನೋಡಿ ತಮ್ಮ ನಾಡಿನ ಹಿಮ ನೆನಪಾಯಿತು ಎಂದರಂತೆ, ಅದರಿಂದ ಈ ಹೆಸರು ಬಂತು ಎಂದು ಕಥೆ ಹೇಳುತ್ತಾರೆ.

ಅದಕ್ಕಿಂತ ಸ್ವಲ್ಪ ಮೊದಲೇ ನಮ್ಮ ಮೈಸೂರು ಸಂಸ್ಥಾನ ಕೆಲಸ ಶುರು ಮಾಡಿತ್ತು. ಮೈಸೂರಿನ ಶ್ರೀಗಂಧದ ಮರ ಹೊರದೇಶಕ್ಕೆ, ಮುಖ್ಯವಾಗಿ ಜರ್ಮನಿಗೆ, ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ವ್ಯಾಪಾರ ನಿಂತಾಗ ಗಂಧದ ಕೊರಡುಗಳು ಇಲ್ಲೇ ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್‌ಗಳಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ವಿಧಾನ ರೂಪಿಸಿಕೊಟ್ಟರು. ಸಾಬೂನು ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿ ಇಂಗ್ಲೆಂಡಿಗೆ ಹೋಗಿ ಬಂದರು. ಹೀಗೆ ಬಂದದ್ದು ಮೈಸೂರು ಸ್ಯಾಂಡಲ್ ಸೋಪ್. ಒಡವೆಯ ಪೆಟ್ಟಿಗೆಯಂತೆ ತೆರೆಯುವ ಅದರ ಡಬ್ಬಿ, ಸಿಂಹದ ಮೈಗೆ ಆನೆಯ ತಲೆಯಿರುವ ಶರಭದ ಲಾಂಛನ ನಮಗೆಲ್ಲ ಗೊತ್ತು. 1980ರಲ್ಲಿ ಈ ಕಾರ್ಖಾನೆಗಳು ಸೇರಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಆಯಿತು. ಸೋಪಿನ ಜೊತೆಗೆ ಅದೇ ಪರಿಮಳದ ಟಾಲ್ಕಂ ಪೌಡರೂ ಮನೆಮನೆಗೆ ಬಂತು.

ಸ್ವಾತಂತ್ರ್ಯದ ನಂತರದ ದೊಡ್ಡ ಹೆಸರು ಲ್ಯಾಕ್ಮೆ. ವಿದೇಶಿ ಸೌಂದರ್ಯ ಸಾಮಗ್ರಿಗೆ ನಮ್ಮ ಹೆಂಗಸರು ವಿದೇಶಿ ವಿನಿಮಯ ಸುರಿಯುತ್ತಿದ್ದಾರೆ ಎಂದು ನೆಹರೂ ಅವರು ಜೆ. ಆರ್. ಡಿ. ಟಾಟಾ ಅವರಿಗೆ ಹೇಳಿದರಂತೆ. 1952ರಲ್ಲಿ ಟಾಟಾ ಆಯಿಲ್ ಮಿಲ್ಸ್‌ನ ಅಂಗವಾಗಿ ಈ ಕಂಪನಿ ಹುಟ್ಟಿತು. ಹೆಸರು ಫ್ರೆಂಚ್ ಸಂಗೀತಗಾರ ಡೆಲೀಬ್‌ನ 1883ರ ಆಪೆರಾದ್ದು. ಭಾರತದಲ್ಲಿ ನಡೆಯುವ ಆ ಕಥೆಯ ನಾಯಕಿ ಲ್ಯಾಕ್ಮೆ, ಅಂದರೆ ನಮ್ಮ ಲಕ್ಷ್ಮಿಯೇ ಫ್ರೆಂಚರ ಬಾಯಲ್ಲಿ ಹೀಗಾದಳು. 1961ರಲ್ಲಿ ಆಡಳಿತ ಮಂಡಳಿಗೆ ಬಂದ ಸಿಮೋನ್ ಟಾಟಾ 1982ರಲ್ಲಿ ಅಧ್ಯಕ್ಷೆಯಾದರು. ಹೆಂಗಸರ ವಸ್ತುವಿನ ಕಂಪನಿಯನ್ನು ಹೆಂಗಸೇ ನಡೆಸುವುದು ಆಗ ಸಣ್ಣ ಮಾತಾಗಿರಲಿಲ್ಲ. 1998ರಲ್ಲಿ ಲ್ಯಾಕ್ಮೆ ಹಿಂದೂಸ್ತಾನ್ ಲಿವರ್ ಪಾಲಾಯಿತು.

ಜರಡಿಯ ಸ್ವಾತಂತ್ರ್ಯ

ಡಬ್ಬಿ ಮಾಡುವವರು ಬೇರೆ, ಪೌಡರ್ ಮಾಡುವವರು ಬೇರೆ ಎಂದೆನಲ್ಲ, ಈಗ ಅಲ್ಲಿಗೆ ಬರುತ್ತೇನೆ. ಹಳೆಯ ಕಾಂಪ್ಯಾಕ್ಟ್‌ಗೆ ಹಾಕುತ್ತಿದ್ದುದು ಪುಡಿಯಾಗಿಯೇ ಇರುವ ಪೌಡರ್. ಬಟ್ಟಲು ತುಂಬಿ, ಜರಡಿ ಕೂರಿಸಿದರೆ ಆಯಿತು. ಯಾವ ಕಂಪನಿಯ ಪೌಡರ್ ಬೇಕಾದರೂ ಹಾಕಬಹುದು. ಎರಡು ಬೆರೆಸಿಯೂ ಹಾಕಬಹುದು. ಆಮೇಲೆ ಬಿಲ್ಲೆಯಂತೆ ಒತ್ತಿದ ಪೌಡರ್ ಜನಪ್ರಿಯವಾಯಿತು. ಚೆಲ್ಲುವುದಿಲ್ಲ ಎಂಬುದು ಅದರ ಅನುಕೂಲ. ಆದರೆ ಬಿಲ್ಲೆಯ ಅಳತೆ ಡಬ್ಬಿಯ ಅಳತೆಗೆ ಹೊಂದಬೇಕು, ಅಂದರೆ ಅದೇ ಕಂಪನಿಯದ್ದನ್ನೇ ಮತ್ತೆ ಕೊಳ್ಳಬೇಕು. ಬರಬರುತ್ತಾ ಬಿಲ್ಲೆ ಮುಗಿದರೆ ಡಬ್ಬಿಯನ್ನೇ ಎಸೆಯುವ ಕಾಲ ಬಂತು. ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವ ನಮಗೆ ಈ ಕಥೆ ಚೆನ್ನಾಗಿ ಗೊತ್ತು. ಒಮ್ಮೆ ಒಂದೇ ಕಂಪನಿಯ ಸಾಮಗ್ರಿಗೆ ಕಟ್ಟಿಕೊಂಡರೆ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಆಫೀಸಿನಲ್ಲಿ ದಿನಾ ನೋಡುತ್ತೇವೆ.

ಇನ್ನೊಂದು ವಿಷಯ ಬಣ್ಣದ್ದು. ಅಂದಿನ ವಿದೇಶಿ ಪೌಡರ್‌ಗಳಲ್ಲಿ ಸಿಗುತ್ತಿದ್ದ ಛಾಯೆಗಳ ಹೆಸರು ನೋಡಿ: ಬಿಳಿ, ಪೀಚ್, ನ್ಯಾಚುರೆಲ್, ರೇಚಲ್. ರೇಚಲ್ ಎಂದರೆ 19ನೆಯ ಶತಮಾನದ ಫ್ರೆಂಚ್ ನಟಿಯೊಬ್ಬಳ ಹೆಸರಿನ ತಿಳಿ ಕೆನೆಬಣ್ಣ. ಸ್ವಾಭಾವಿಕ ಎಂದು ಕರೆದದ್ದೂ ಯುರೋಪಿನ ಚರ್ಮಕ್ಕೆ ಸ್ವಾಭಾವಿಕವಾದದ್ದು. ಗುಲ್ಬರ್ಗದ ಬಿಸಿಲಿನಲ್ಲಿ ಬೆಳೆದ ಮುಖಕ್ಕೆ ಅವುಗಳಲ್ಲಿ ಒಂದೂ ಹೊಂದುತ್ತಿರಲಿಲ್ಲ, ಬೂದಿ ಬಳಿದಂತೆ ಕಾಣುತ್ತಿತ್ತು. ಭಾರತೀಯ ಚರ್ಮಕ್ಕೆಂದು ತಯಾರಾಗುವ ಸಾಮಗ್ರಿ ಬಂದಾಗ ಹೆಂಗಸರು ಅದನ್ನು ಬರಮಾಡಿಕೊಂಡದ್ದಕ್ಕೆ ಇದೂ ಒಂದು ಕಾರಣ. ಆದರೆ ನಮ್ಮವರದೇ ಪೇಟೆ ಬೆಳೆದ ಮೇಲೂ ಬಿಳಿಯ ಹುಚ್ಚು ಇಳಿಯಲಿಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಲ್ಲಿದ್ದ 'ಫೇರ್' ಅನ್ನು ಬಿಟ್ಟು 'ಗ್ಲೋ' ಎಂದು ಬದಲಿಸಿಕೊಂಡದ್ದು 2020ರಲ್ಲಿ, 45 ವರ್ಷಗಳ ನಂತರ. ಅಷ್ಟರಲ್ಲಿ ಎಷ್ಟು ಹೆಣ್ಣುಮಕ್ಕಳು ಕನ್ನಡಿಯ ಮುಂದೆ ಕುಗ್ಗಿದರೋ!

ದೊಡ್ಡಾಯಿ ಏನು ಮಾಡಿದ್ದಳು? ಅವಳ ಡಬ್ಬಿಯ ಜರಡಿ ತೆಗೆದು ನೋಡಿದಾಗ ತಳದಲ್ಲಿ ಇನ್ನೂ ಚಿಟಿಕೆಯಷ್ಟು ಬಿಳಿಯ ಪುಡಿ ಇತ್ತು. ಮೂಸಿದರೆ ಶ್ರೀಗಂಧದ ಮಂದ ವಾಸನೆ. ಇಂಗ್ಲೆಂಡಿನ ಡಬ್ಬಿಗೆ ಗಂಧದ ಟಾಲ್ಕಂ ತುಂಬಿಕೊಂಡಿದ್ದಳು. ಬಿಳಿ ಕಾಣಲು ಹಚ್ಚಿದ್ದಲ್ಲ, ಬೇಸಿಗೆಯಲ್ಲಿ ಹತ್ತಾರು ಹುಡುಗಿಯರ ಮುಂದೆ ನಿಂತು ಪಾಠ ಮಾಡುವ ಮೊದಲು ಬೆವರು ಒರೆಸಿಕೊಂಡು ಒಂದು ಪಫ್ ಹೊಡೆದುಕೊಂಡಿರಬೇಕು. ಹಣೆಯಲ್ಲಿ ಕುಂಕುಮವಿಲ್ಲದ ಆ ಮುಖವನ್ನು ಅವಳು ದಿನಾ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದಳು, ಅದು ನೋಡತಕ್ಕ ಮುಖ ಎಂದು ತಿಳಿದಿದ್ದಳು. ವಿಧವೆ ಕನ್ನಡಿ ನೋಡಬಾರದು ಎನ್ನುತ್ತಿದ್ದ ಮನೆಯಲ್ಲಿ ಹುಟ್ಟಿದವಳು ಅವಳು. ಅವಳು ಡಬ್ಬಿ ಕೊಂಡ ಮರುವರ್ಷವೇ, 1956ರಲ್ಲಿ, ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ಹೆಂಗಸಿನ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದಿತು. "ಯಾರಿಗೂ ಕಸಗೊಳ್ಳಿಕ್ಕೆ ಬರೂದಿಲ್ಲ" ಎಂದ ದೊಡ್ಡಾಯಿಯ ಮಾತನ್ನು ಈಗ ಆ ಕಾಯಿದೆಯ ಜೊತೆ ಇಟ್ಟು ಓದುತ್ತೇನೆ.

ಹೈದರಾಬಾದಿನಲ್ಲಿ ಹುಡುಕಾಟ

ನನ್ನ ಬಳಿ ಈಗ 31 ಕಾಂಪ್ಯಾಕ್ಟ್‌ಗಳಿವೆ. ಕೆಲವು ಪುರಾನಾಪುಲ್ ಹತ್ತಿರದ ಜುಮೇರಾತ್ ಬಜಾರಿನಲ್ಲಿ, ಗುರುವಾರ ರಜೆ ಹಾಕಿ ಹುಡುಕಿದ್ದು. ಕೆಲವು ಸಿಕಂದರಾಬಾದಿನ ಹಳೆಯ ಮನೆಗಳು ಖಾಲಿಯಾದಾಗ ಸಿಕ್ಕಿದ್ದು. 1980ರ ದಶಕದ ಪ್ಲಾಸ್ಟಿಕ್ ಲ್ಯಾಕ್ಮೆ ಅಮ್ಮನ ಮದುವೆಯದ್ದು. ಬೆಲೆಯಲ್ಲಿ ಅದು ಏನೂ ಅಲ್ಲ, ಆದರೆ ಸಾಲಿನಲ್ಲಿ ಅದರ ಜಾಗ ಖಾಲಿ ಬಿಡಲಾಗದು.

ಮೋಸ ಹೋದದ್ದೂ ಉಂಟು, ತಪ್ಪು ನನ್ನದೇ. ಕಪ್ಪು ಮೈಮೇಲೆ ಬೆಳ್ಳಿಯ ನರ್ತಕಿಯ ಚಿತ್ರವಿದ್ದ ಡಬ್ಬಿಯೊಂದನ್ನು "ಬಿದರಿ ಹೈ ಅಮ್ಮಾ, ಅಸಲಿ ಬಿದರಿ" ಎಂದು ಕೊಟ್ಟರು. ನಮ್ಮ ಕಡೆಯ ಕಸುಬು ಎಂಬ ಅಭಿಮಾನದಲ್ಲಿ ಚೌಕಾಶಿಯನ್ನೂ ಮಾಡದೆ ಕೊಂಡೆ. ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದರೆ ಹಿಂದೆ 'ಸಿಯಾಮ್ ಸ್ಟರ್ಲಿಂಗ್' ಎಂಬ ಮುದ್ರೆ. ಅದು ಥಾಯ್ಲೆಂಡಿನದು. ಬಿದರಿಯಲ್ಲಿ ಸತು-ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಲೋಹವನ್ನು ಕಪ್ಪು ಮಾಡುತ್ತಾರೆ. ಥಾಯ್ ಕೆಲಸದಲ್ಲಿ ಬೆಳ್ಳಿಯ ಮೇಲೇ ಕೊರೆದು ಕಪ್ಪು ಮಿಶ್ರಣ ತುಂಬುತ್ತಾರೆ. ಚಿತ್ರದಲ್ಲಿದ್ದವಳು ಅವರ ಮಿಂಚಿನ ದೇವತೆ ಮೇಖಲಾ. ಪ್ರವಾಸಿಗಳೂ ಸೈನಿಕರೂ ಇಂಥವನ್ನು ಬಹಳ ಕೊಂಡು ತಂದಿದ್ದರು. ನಿರಾಸೆಯಾದರೂ ಪಾಠ ಕಲಿತೆ: ಮೊದಲು ಮುದ್ರೆ ನೋಡಬೇಕು, ಆಮೇಲೆ ಮನಸ್ಸು ಕೊಡಬೇಕು.

ನಿಮ್ಮ ಮನೆಯಲ್ಲಿ ಇಂಥದ್ದು ಸಿಕ್ಕರೆ ಕೆಲವು ಮಾತು ನೆನಪಿಡಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹಿತ್ತಾಳೆಯ ಮೇಲಿನ ಚಿನ್ನದ ಲೇಪ ಒಮ್ಮೆ ಹೋದರೆ ಹೋಯಿತು. ಒಣಗಿದ ಮೆತ್ತನೆಯ ಹತ್ತಿಬಟ್ಟೆ ಸಾಕು. ಹಳೆಯ ಪೌಡರನ್ನು ಮುಖಕ್ಕೆ ಹಚ್ಚಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಟಾಲ್ಕ್ ಗಣಿಯಿಂದ ಬರುವ ಖನಿಜ, ಅದರ ಜೊತೆ ಆಸ್ಬೆಸ್ಟಾಸ್ ಬೆರೆತಿರುವ ಅಪಾಯ ಉಂಟು. ಕನ್ನಡಿ ಒಡೆದಿದ್ದರೆ ಅಪಶಕುನವೆಂದು ಎಸೆಯಬೇಡಿ. ನಮ್ಮ ಮನೆಯಲ್ಲಿ ಬಿರುಕು ಬಿಟ್ಟ ಕನ್ನಡಿಯ ಒಂದು ಡಬ್ಬಿ ಹಳೇ ಸಾಮಾನಿನವನ ಗಾಡಿಯವರೆಗೂ ಹೋಗಿತ್ತು. ಗೇಟಿನ ಹತ್ತಿರ ಓಡಿಹೋಗಿ ತಂದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಅದು ಯಾರದು ಎಂದು ಬರೆದಿಡಿ. ನಮ್ಮ ಮನೆಗಳಲ್ಲಿ ಚಿನ್ನದ ಲೆಕ್ಕ ಇದೆ. ಯಾವ ಸರ ಯಾರ ಮದುವೆಗೆ, ಎಷ್ಟು ತೊಲ ಎಂದು ಎಲ್ಲರಿಗೂ ಗೊತ್ತು. ಒಬ್ಬ ಹೆಂಗಸು ತನ್ನ ಮೊದಲ ಸಂಬಳಗಳಲ್ಲಿ ಏನು ಕೊಂಡಳು ಎಂಬ ಲೆಕ್ಕ ಮಾತ್ರ ಎಲ್ಲೂ ಇಲ್ಲ. ಅದು ಪೆನ್ನೋ ಗಡಿಯಾರವೋ ಪೌಡರ್ ಡಬ್ಬಿಯೋ ಇರಬಹುದು. ಜುಮೇರಾತ್ ಬಜಾರಿನಿಂದ ತಂದ ಡಬ್ಬಿಗಳನ್ನು ಕೈಯಲ್ಲಿ ಹಿಡಿದಾಗ ಕಂಪನಿ, ವರ್ಷ, ಲೋಹ ಎಲ್ಲವನ್ನೂ ಹೇಳಬಲ್ಲೆ. ಆ ಕನ್ನಡಿಯಲ್ಲಿ ಮುಖ ನೋಡಿಕೊಂಡವಳು ಯಾರು ಎಂದು ಹೇಳಲಾರೆ. ಮುಂದಿನ ಸಭೆಗೆ ನಿಮ್ಮ ಮನೆಯ ಇಂಥ ಒಂದು ವಸ್ತು ತನ್ನಿ. ಅದರ ಫೋಟೋ ತೆಗೆದು, ನಾಲ್ಕು ಸಾಲು ಬರೆದು ಸೇರಿಸೋಣ. ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳೋಣ.

ನಾನು ದೊಡ್ಡಾಯಿಯ ಡಬ್ಬಿಯ ಕೆಳಗೆ ಒಂದು ಚೀಟಿ ಇಟ್ಟಿದ್ದೇನೆ: "1955ರ ದಸರೆ. ಅಬಿಡ್ಸ್, ಹೈದರಾಬಾದ್. ಸ್ವಂತ ಪಗಾರದಲ್ಲಿ ಕೊಂಡದ್ದು." ಪಕ್ಕದ ಬೆಳ್ಳಿ ಭರಣಿಯ ಕೆಳಗೂ ಒಂದು ಚೀಟಿ ಇದೆ. ಅದರಲ್ಲಿ ಅಜ್ಜಿಯ ಹೆಸರಿಗಿಂತ ಮೊದಲು ದೊಡ್ಡಾಯಿಯ ಹೆಸರನ್ನು ಬರೆದಿದ್ದೇನೆ.